ಅತ್ತಿಗೆಯ ಬಲಮಂಡಿ

ಜನವರಿ ೧೧

ಛೀಛೀಗೆ ಅಣ್ಣನ ಆಶೀರ್ವಾದಗಳು.

ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಮೂರನೇ ಮಾತಿಗೆ ಜಗಳವಾಗುತ್ತದೆ, ಐದನೇ ಮಾತಿಗೆ ನೀನು ಕಟ್ ಮಾಡುತ್ತೀಯ. ಕಾಗದದಲ್ಲಾದರೆ ನಾನು ಹೇಳುವುದನ್ನು ಕಡೆಯವರೆಗೆ ಕೇಳಲೇಬೇಕು. ಚಿಕ್ಕವಳಿದ್ದಾಗ ಕಂಡದ್ದಕ್ಕೆಲ್ಲ ಮೂಗು ಮುರಿದು 'ಛೀ ಛೀ' ಅನ್ನುತ್ತಿದ್ದೆ ಅಂತ ಅಪ್ಪ ಅದನ್ನೇ ಹೆಸರಾಗಿ ಕರೆದರು. ಅಂಥವಳು ಓದಿ ಡಾಕ್ಟರಾದೆ, ಸರಿ. ಆದರೆ ಜನರ ಮೈಯಿಂದ ಕತ್ತರಿಸಿದ ಚೂರುಗಳನ್ನು ದಿನವಿಡೀ ಗಾಜಿನ ಮೇಲಿಟ್ಟು ನೋಡುವ ಕೆಲಸ ಹಿಡಿದೆಯಲ್ಲ, ಅದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ವಿಷಯ ಇದು. ನಿನ್ನ ಅತ್ತಿಗೆಯ ಬಲಮಂಡಿ ಊದಿಕೊಂಡು ಕೆಲವು ತಿಂಗಳಾಯಿತು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಮೊದಮೊದಲು ಸಂಜೆ ಊದಿ ಬೆಳಿಗ್ಗೆ ಇಳಿಯುತ್ತಿತ್ತು. ಈಗ ಇಳಿಯುವ ಮಾತೇ ಇಲ್ಲ. ಬೇಕರಿಯಲ್ಲಿ ಒಲೆಯ ಬಾಯಿಗೆ ಬಗ್ಗಿ ಬ್ರೆಡ್ಡಿನ ತಟ್ಟೆ ತಳ್ಳುವಾಗ ಕಾಲು ಮಡಚಲಾಗದೆ ಪಕ್ಕಕ್ಕೆ ಚಾಚಿಕೊಂಡು ನಿಲ್ಲುತ್ತಾಳೆ. ಏನಾಯಿತು ಅಂದರೆ ಏನಿಲ್ಲ ಅನ್ನುತ್ತಾಳೆ. ಅವಳು ಯಾವತ್ತು ಏನಾದರೂ ಇದೆ ಅಂದಿದ್ದಾಳೆ?

ಮುಟ್ಟಿ ನೋಡಿದೆ. ನಿಜ ಹೇಳಲಾ, ಅಸಹ್ಯವಾಯಿತು. ಮೂಳೆ ಸಿಗಬೇಕಾದ ಜಾಗದಲ್ಲಿ ಮೆತ್ತಗೆ ಸಿಕ್ಕಿತು. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಏನೋ ಜಾರುತ್ತದೆ, ಒತ್ತಿದ ಜಾಗ ತಗ್ಗಾಗಿ ನಿಧಾನಕ್ಕೆ ಮೇಲೆ ಬರುತ್ತದೆ. ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಅಂತ ನಾವು ಹೀಗೇ ತಾನೇ ನೋಡುವುದು? ನಮ್ಮ ಕಸುಬಿನ ಲೆಕ್ಕದಲ್ಲಿ ಅವಳ ಮಂಡಿ ಒಲೆಗೆ ಹಾಕಲು ತಯಾರಾಗಿದೆ. ನಗಬೇಡ.

ಸದ್ಯಕ್ಕೆ, ಹಿಟ್ಟು ಉಬ್ಬಲು ಇಡುವ ಬೆಚ್ಚನೆಯ ಕೋಣೆಯಲ್ಲಿ ಮಧ್ಯಾಹ್ನ ಅವಳನ್ನು ಕೂರಿಸುತ್ತಿದ್ದೇನೆ. ಕಾಲು ಮೈದಾ ಮೂಟೆಯ ಮೇಲೆ. ಬೆವರು ಹರಿದರೆ ಒಳಗಿನ ನೀರೂ ಹರಿದುಹೋದೀತು ಅಂತ. ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಮಾತ್ರ ಬರೆಯಬೇಡ. ಆ ವಾಸನೆಯೇ ನನಗೆ ಆಗುವುದಿಲ್ಲ. ಅಪ್ಪನ ಕೊನೆಯ ದಿನಗಳನ್ನು ಅಲ್ಲಿ ಕಳೆದವನು ನಾನು, ನೀನಲ್ಲ. ಯಾವ ಮುಲಾಮು ಹಚ್ಚಬೇಕು, ಅದೊಂದು ಬರಿ.

ಹೋದ ಸಲ ಬಂದಾಗ ನೀನು ಊಟ ಬಿಟ್ಟು ಎದ್ದುಹೋದದ್ದನ್ನು ನಾನು ಮರೆತಿದ್ದೇನೆ. ನೀನೂ ಮರೆತುಬಿಡು.

ಇಂತಿ
ನಿನ್ನ ಅಣ್ಣ

&nbsp;

ಜನವರಿ ೨೦

ಅಣ್ಣನಿಗೆ,

ನಾನು ಮರೆತಿಲ್ಲ. 'ಆ ಕೈಯಲ್ಲಿ ಹಿಟ್ಟು ಮುಟ್ಟಬೇಡ, ಹಿತ್ತಲ ನಲ್ಲಿಯಲ್ಲಿ ತೊಳ್ಕೊಂಡು ಬಾ' ಅಂತ ನೀನು ನನಗೆ ಅಂದೆ, ಅದೂ ನೆಂಟರ ಮುಂದೆ. ಹಾಗೆ ಹೇಳುವಾಗ ನೀನೇ ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡು ಅದೇ ಕೈಯನ್ನು ಬನ್ನಿನ ತಟ್ಟೆಗೆ ಹಾಕಿದೆ. ನಾನು ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೇನೋ ನೀನು ತಿಂಗಳಿಗೆ ಅಷ್ಟು ಸಲ ತೊಳೆದರೆ ಹೆಚ್ಚು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಜಾತಿ ನಿನ್ನದು. ಇರಲಿ.

ಆ ಕೋಣೆಯಲ್ಲಿ ಇಟ್ಟದ್ದು ಉಬ್ಬುತ್ತದೆ, ಇಳಿಯುವುದಿಲ್ಲ. ಇದನ್ನು ಬೇಕರಿಯವನಿಗೆ ನಾನು ಹೇಳಿಕೊಡಬೇಕೆ? ಹೆಂಡತಿಯ ಬೆವರುವ ಕಾಲನ್ನು ಮೂಟೆಯ ಮೇಲಿಟ್ಟು, ಅದೇ ಮೂಟೆಯ ಮೈದಾದಲ್ಲಿ ಬ್ರೆಡ್ ಮಾಡಿ ಊರಿಗೆ ಹಂಚುತ್ತೀಯ. ನಿನ್ನ ಪತ್ರ ಓದುತ್ತ ನಾನು ತಿನ್ನುತ್ತಿದ್ದುದನ್ನು ಪಕ್ಕಕ್ಕಿಟ್ಟೆ.

ಮುಲಾಮು ಹಚ್ಚುವುದು ಎಲ್ಲಿಗೆ? ಕಾಯಿಲೆ ಇರುವುದು ಚರ್ಮದಲ್ಲಲ್ಲ. ಸ್ವಲ್ಪ ಗಮನವಿಟ್ಟು ಓದು. ಮಂಡಿಯ ಎರಡು ಮೂಳೆ ಸೇರುವ ಜಾಗದ ಸುತ್ತ ಒಂದು ಗಟ್ಟಿ ಚೀಲ ಇದೆ. ಆ ಚೀಲದ ಒಳಮೈಗೆ ಅಂಟಿಕೊಂಡು ಒಂದು ತೆಳು ಪೊರೆ ಇದೆ. ಸೈನೋವಿಯಲ್ ಪೊರೆ ಅಂತ ಅದರ ಹೆಸರು, ನೀನು ಒಳಪೊರೆ ಅಂದುಕೊ ಸಾಕು. ಅದರ ಮೇಲ್ಪದರ ಒಂದೆರಡು ಜೀವಕಣಗಳಷ್ಟೇ ದಪ್ಪ. ಕೆಳಗೆ ಸಡಿಲವಾದ ಹಾಸು, ಅದರಲ್ಲಿ ರಕ್ತನಾಳ, ಕೊಬ್ಬು. ಮೇಲ್ಪದರದ ಕಣಗಳಲ್ಲಿ ಎರಡು ಬಗೆ. ಒಂದು ಬಗೆಯವು ಕಸ ಗುಡಿಸುತ್ತವೆ, ಕೀಲಿನೊಳಗೆ ಉದುರಿದ ಚೂರುಪಾರು ನುಂಗುತ್ತವೆ. ಇನ್ನೊಂದು ಬಗೆಯವು ಮೊಟ್ಟೆಯ ಬಿಳಿಯಂಥ ಲೋಳೆ ಮಾಡುತ್ತವೆ. ನೀನು ಈಗ ಮುಖ ಕಿವುಚಿರುತ್ತೀಯ, ಗೊತ್ತು. ಆ ಲೋಳೆ ಇರುವುದರಿಂದಲೇ ನೀನು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತೀಯ. ಮೂಳೆಯ ತುದಿಗೆ ಹೊದಿಸಿದ ಮೆದುಮೂಳೆಗೆ ಸ್ವಂತ ರಕ್ತ ಇಲ್ಲ, ಅದರ ಅನ್ನ ನೀರೆಲ್ಲ ಈ ಲೋಳೆಯಿಂದ. ಇಡೀ ಮಂಡಿಯಲ್ಲಿ ಅದು ಒಂದು ಚಮಚದಷ್ಟೂ ಇರುವುದಿಲ್ಲ.

ಈ ಪೊರೆ ಕೆರಳಿದರೆ ದಪ್ಪವಾಗುತ್ತದೆ, ಬೇಡದಷ್ಟು ನೀರು ಬಿಡುತ್ತದೆ. ನಿನ್ನ ಹೆಬ್ಬೆರಳಿಗೆ ಸಿಕ್ಕಿದ್ದು ಅದೇ. ಕೆರಳಲು ಕಾರಣ ಹಲವು. ಮೈ ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಸ್ವಂತ ಪೊರೆಯ ಮೇಲೆ ಬೀಳುವ ವಾತ ಒಂದಿದೆ, ಅದರಲ್ಲಿ ಪೊರೆ ಬೆಳೆದು ಮೆದುಮೂಳೆಯ ಮೇಲೆ ಹಬ್ಬಿ ಅದನ್ನು ತಿಂದುಹಾಕುತ್ತದೆ. ಸೂಜಿಯಂಥ ಹರಳು ಕೂತು ಉರಿ ಎಬ್ಬಿಸುವುದುಂಟು. ಕ್ಷಯ ಕೂಡ ಅಲ್ಲಿ ಬಂದು ಬಿಡಾರ ಹೂಡುತ್ತದೆ. ಅತ್ತಿಗೆಗೆ ಬಂದಿರುವುದು ಯಾವುದು ಅಂತ ಇಲ್ಲಿ ಕೂತು ನಾನು ಹೇಳಲಾರೆ.

ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅವರು ಮಂಡಿಚಿಪ್ಪಿನ ಪಕ್ಕದಿಂದ ಸೂಜಿ ಹಾಕಿ ಆ ನೀರು ತೆಗೆಯುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ, ಹೆದರುವಂಥದ್ದೇನಿಲ್ಲ. ನೀರು ಹೋದ ತಕ್ಷಣ ಬಿಗಿತವೂ ಇಳಿಯುತ್ತದೆ. ತಿಳಿ ಹಳದಿಯೋ, ಮಬ್ಬೋ, ಕೆಂಪೋ ಅಂತ ನೀರಿನ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ಮೂಗು ಮುಚ್ಚಿಕೊಂಡಾದರೂ ಹೋಗು.

ಇಂತಿ
ನಿನ್ನ ತಂಗಿ

&nbsp;

ಫೆಬ್ರವರಿ ೯

ಛೀಛೀಗೆ,

ನಿನ್ನ ಮಾತಿಗೆ ಬೆಲೆ ಕೊಟ್ಟು ಆಸ್ಪತ್ರೆಗೆ ಹೋದೆವು. ಅದರ ಕಥೆ ಕೇಳು. ಕೂರಲು ಒಂದು ಬೆಂಚು, ಅದು ಅಂಟು ಅಂಟು. ಯಾವುದರ ಅಂಟು ಅಂತ ನಾನು ಕೇಳಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕ ಡಬ್ಬಿ ಹಿಡಿದುಕೊಂಡು ಅದರೊಳಗೆ ಉಗುಳುವುದು, ಉಗುಳಿದ್ದನ್ನು ಬಗ್ಗಿ ನೋಡುವುದು. ಎದುರಿಗೆ ಇನ್ನೊಬ್ಬ ಕಾಲಿನ ಬ್ಯಾಂಡೇಜು ಬಿಚ್ಚಿ ತುರಿಸಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮೀಸೆ ಸರಿಯಾಗಿ ಮೂಡದ ಒಬ್ಬ ಡಾಕ್ಟರು ಬಂದು, ಪಡಸಾಲೆಯಲ್ಲೇ, ಅಷ್ಟು ಜನರ ಮುಂದೆ ನಿನ್ನ ಅತ್ತಿಗೆಯ ಬಟ್ಟೆ ಮಂಡಿಯ ಮೇಲಕ್ಕೆ ಎತ್ತಿಸಿ ಒತ್ತಿ ನೋಡಿ, 'ಸ್ಕ್ಯಾನ್ ಮಾಡ್ಬೇಕು, ಬರೋ ವಾರ ಬನ್ನಿ' ಅಂದ. ಉಗುಳುವ ಮುದುಕನೂ ಡಬ್ಬಿ ಕೆಳಗಿಟ್ಟು ನೋಡಿದ. ನಾನು ಅವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದುಬಿಟ್ಟೆ. ಅಂಥ ಹೊಲಸಿನಲ್ಲಿ ಸೂಜಿ ಹಾಕಿಸಿಕೊಳ್ಳುವುದಕ್ಕಿಂತ ನಮ್ಮ ಬೇಕರಿ ಸಾವಿರ ಪಾಲು ಚೊಕ್ಕ.

ಹಾಗಾಗಿ ಇಲ್ಲೇ ಮುಗಿಸಿದೆ. ಗಾಬರಿಯಾಗಬೇಡ, ಪೂರ್ತಿ ಓದು. ಹಿಟ್ಟಿನಲ್ಲಿ ದೊಡ್ಡ ಗುಳ್ಳೆ ಎದ್ದರೆ ಚುಚ್ಚಿ ಗಾಳಿ ಬಿಡುವ ಉಕ್ಕಿನ ಮುಳ್ಳು ಇದೆಯಲ್ಲ, ಅಪ್ಪನ ಕೈಯಲ್ಲಿ ನೀನು ನೋಡಿದ್ದೀಯ, ಅದನ್ನು ಒಲೆಯ ಬಾಯಲ್ಲಿ ಕೆಂಪಗಾಗುವವರೆಗೆ ಕಾಯಿಸಿದೆ. ನಿಮ್ಮ ದೊಡ್ಡಾಸ್ಪತ್ರೆಯಲ್ಲೂ ಅಷ್ಟು ಕಾಯಿಸಲಿಕ್ಕಿಲ್ಲ. ಆಮೇಲೆ ಹಲಗೆಯ ಮೇಲೆ, ಹಿಟ್ಟಿಗೆ ಮುಚ್ಚುವ ಒದ್ದೆ ಬಟ್ಟೆಯಲ್ಲಿ ಸುತ್ತಿ ಆರಿಸಿದೆ. ನೀನು ಬರೆದ ಹಾಗೆಯೇ ಚಿಪ್ಪಿನ ಪಕ್ಕದಿಂದ. ಬೆಣ್ಣೆಯಷ್ಟು ಸುಲಭವಾಗಿರಲಿಲ್ಲ, ಆದರೆ ಹೋಯಿತು. ನಿನ್ನ ಅತ್ತಿಗೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು, ಮೆಚ್ಚಬೇಕು.

ಒತ್ತಿ ಒತ್ತಿ ಹೊರಗೆ ತೆಗೆದೆ. ಎಂಥ ನೀರು ಅಂತೀಯ! ಹಳದಿಯಲ್ಲ, ಕೆಂಪಲ್ಲ. ರಸ್ಕಿಗೆ ಬಣ್ಣ ಬರಲು ಸಕ್ಕರೆ ಸುಟ್ಟು ಪಾಕ ಮಾಡುತ್ತೇವಲ್ಲ, ಅಂಥ ಕಂದು. ಬಟ್ಟಲಿಗೆ ಹಿಡಿದು ನೋಡುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ, ಹಿತ್ತಲಿಗೆ ಓಡಿ ತಿಂದದ್ದನ್ನೆಲ್ಲ ಕಕ್ಕಿದೆ. ಆದರೆ ಮಂಡಿ ಇಳಿಯಿತು, ಅವಳು ಅವತ್ತು ನಿದ್ದೆಯನ್ನೂ ಮಾಡಿದಳು. ನಿನ್ನೆಯಿಂದ ಸ್ವಲ್ಪ ಮೈ ಬಿಸಿ ಇದೆ, ಚಳಿ ಅನ್ನುತ್ತಾಳೆ. ಒಲೆಯ ಶಾಖ ಬಿಟ್ಟು ಮಲಗಿದ್ದಾಳಲ್ಲ, ಅದಕ್ಕೆ ಇರಬೇಕು.

ಬಣ್ಣ ಹೇಳಿದ್ದೇನೆ. ಉಳಿದ ಅರ್ಧ ಕಥೆ ನೀನು ಹೇಳು.

ಇಂತಿ
ನಿನ್ನ ಅಣ್ಣ

&nbsp;

ಫೆಬ್ರವರಿ ೧೨

ಅಣ್ಣ,

ಬೆಳಗಿನಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಈ ಕಾಗದ ತರುತ್ತಿರುವವರು ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಚಾಲಕರು. ಓದಿ ಮುಗಿಸುವುದಕ್ಕೆ ಮೊದಲು ಅತ್ತಿಗೆಯನ್ನು ಅವರ ಗಾಡಿಗೆ ಹತ್ತಿಸು. ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಹೇಳಿದ್ದೇನೆ. ನಿಮ್ಮ ಊರಿನ ಮೂಳೆ ಸರ್ಜನ್ ನನ್ನ ಜೊತೆ ಓದಿದವಳು, ಕಾಯುತ್ತಿರುತ್ತಾಳೆ.

ಕಾಯಿಸಿದ ಮುಳ್ಳನ್ನು ಹಿಟ್ಟಿನ ಬಟ್ಟೆಯಲ್ಲಿ ಸುತ್ತಿದೆಯಲ್ಲ, ಆ ಬಟ್ಟೆಯನ್ನು ಕೊನೆಯದಾಗಿ ಒಗೆದದ್ದು ಯಾವಾಗ? ಕೀಲಿನ ಒಳಗೆ ರೋಗಾಣು ಹೊಕ್ಕರೆ ಪೊರೆ ತಡೆಯುವುದಿಲ್ಲ. ಅದಕ್ಕೆ ಬೇಲಿ ಇಲ್ಲ, ರಕ್ತದಿಂದ ಲೋಳೆಗೆ ಸಲೀಸಾಗಿ ದಾಟಲಿ ಅಂತ ಪ್ರಕೃತಿಯೇ ಹಾಗೆ ಬಿಟ್ಟಿದೆ. ಒಳಗೆ ಕೀವಾದರೆ ಮೆದುಮೂಳೆ ಕೆಲವೇ ದಿನಗಳಲ್ಲಿ ಕರಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಅವಳಿಗೆ ಬಂದಿರುವುದು ಒಲೆಯ ಶಾಖ ಬಿಟ್ಟ ಚಳಿಯಲ್ಲ, ಜ್ವರ.

ನಿನ್ನ ಪತ್ರ ಓದುವಾಗ ನನಗೆ ಮೊದಲ ಸಲ ನನ್ನ ಕೆಲಸದ ಮೇಜಿನ ಮುಂದೆ ವಾಕರಿಕೆ ಬಂತು. ಮಾತಾಡಬೇಡ. ಗಾಡಿ ಹತ್ತಿಸು.

ತಂಗಿ

&nbsp;

ಮಾರ್ಚ್ ೨

ಛೀಛೀಗೆ,

ಬದುಕಿದಳು. ಕೀಲು ಬಿಡಿಸಿ ಎರಡು ಸಲ ತೊಳೆದರು. ಆ ಪೊರೆಯನ್ನು ಸಾಧ್ಯವಾದಷ್ಟು ಕೆರೆದು ತೆಗೆದರಂತೆ. ನಿನ್ನ ಗೆಳತಿ ಒಂದು ಚೂರನ್ನು ಡಬ್ಬಿಯಲ್ಲಿ ಹಾಕಿ ನಿನಗೆ ಕಳಿಸಿದ್ದಾಳಂತೆ, ನೀನೇ ಕೇಳಿದೆಯಂತೆ. ಹೆಂಡತಿಯ ಮಂಡಿ ಅಂಚೆಯಲ್ಲಿ ಹೋಗುವ ಕಾಲ ಬಂತು.

ಮೊದಲ ದಿನ ತೊಳೆದ ನೀರನ್ನು ನಾನು ನೋಡಿದೆ. ನೋಡಬಾರದಿತ್ತು. ಬಾಗಿಲು ಅರ್ಧ ತೆರೆದಿತ್ತು, ಹಸಿರು ಹಳದಿ ಮಿಶ್ರವಾಗಿ ಕೊಳವೆಯಲ್ಲಿ ಇಳಿಯುತ್ತಿತ್ತು. ವಾಸನೆ ಬೇರೆ. ಏನು ಹೇಳಲಿ, ನಮ್ಮ ಹುಳಿಹಿಟ್ಟು ಕೆಟ್ಟರೆ ಬರುತ್ತದಲ್ಲ, ಅದರ ಅಣ್ಣನ ಹಾಗೆ ಇತ್ತು. ಅವತ್ತಿನಿಂದ ಹುಳಿಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯಲು ನನ್ನಿಂದ ಆಗಿಲ್ಲ. ಬ್ರೆಡ್ ಬೇಕೆಂದು ಬಂದವರಿಗೆ ಒಲೆ ಕೆಟ್ಟಿದೆ ಅಂತ ಹೇಳುತ್ತಿದ್ದೇನೆ. ನನ್ನ ಕೈ ನನಗೇ ಹೇಸಿಗೆ.

ಆದರೆ ಒಂದು ಮಾತು. ಸೂಜಿ ಅಂತ ಬರೆದವಳು ನೀನು. ಬೆಣ್ಣೆ, ಕೂದಲು ಅಂತ ಬರೆದವಳು ನೀನು. ಚಿಪ್ಪಿನ ಪಕ್ಕ ಅಂತ ಜಾಗ ತೋರಿಸಿದವಳೂ ನೀನೇ. ನಾನು ಓದಿದ್ದು ಎಂಟನೇ ಕ್ಲಾಸು. ಇದನ್ನು ಮನೆಯಲ್ಲಿ ಮಾಡಬೇಡ ಅಂತ ಒಂದು ಸಾಲು ಬರೆಯಲು ನಿನಗೆ ಶಾಯಿ ಸಾಲಲಿಲ್ಲವೆ? ಗಾಡಿ ಕಳಿಸಿದೆ, ಚೂರು ತರಿಸಿಕೊಂಡೆ. ನೀನು ಯಾಕೆ ಬರಲಿಲ್ಲ?

ಇಂತಿ
ಅಣ್ಣ

&nbsp;

ಮಾರ್ಚ್ ೧೫

ಅಣ್ಣನಿಗೆ,

ಯಾಕೆ ಬರಲಿಲ್ಲ ಅಂದೆ. ಬಂದಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು, ಅದಕ್ಕೆ. ಡಾಕ್ಟರು ಸೂಜಿ ಹಾಕುತ್ತಾರೆ ಅಂತ ಬರೆದಿದ್ದೆ, ಬೇಕರಿಯವರು ಹಾಕುತ್ತಾರೆ ಅಂತ ಬರೆದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೀಗೆ ಬರೆದು ಮುಗಿಸಿದ ಮೇಲೆ ಎದ್ದುಹೋಗಿ ಕೈ ತೊಳೆದುಕೊಂಡು ಬಂದೆ. ಆ ಒಂದು ಸಾಲು ಬರೆಯಬೇಕಿತ್ತು. ನಿಜ.

ಚೂರು ಬಂತು, ನೋಡಿದೆ. ಅವಳಿಗೆ ಎರಡು ಕಾಯಿಲೆ ಇತ್ತು, ಒಂದರ ಮೇಲೊಂದು. ಹಳೆಯದು ಪೊರೆಯದೇ ಕಾಯಿಲೆ. ಪೊರೆ ತನ್ನಷ್ಟಕ್ಕೆ ಬೆಳೆದು ಎಳೆ ಎಳೆಯಾಗಿ, ಗಡ್ಡದ ಹಾಗೆ ಕೀಲಿನೊಳಗೆ ಜೋತುಬಿದ್ದಿತ್ತು. ಆ ಎಳೆಗಳಿಂದ ಆಗಾಗ ರಕ್ತ ಜಿನುಗಿ, ರಕ್ತದ ಕಬ್ಬಿಣ ಅಲ್ಲೇ ಕೂತು ಎಲ್ಲ ತುಕ್ಕಿನ ಬಣ್ಣವಾಗಿತ್ತು. ನೀನು ಬಟ್ಟಲಲ್ಲಿ ಹಿಡಿದ ಕಂದು ನೀರು ಅದು. ಕ್ಯಾನ್ಸರ್ ಅಲ್ಲ. ವಿರಳ. ಪೊರೆಯನ್ನು ನೀಟಾಗಿ ತೆಗೆದಿದ್ದರೆ ಅವಳು ಮೊದಲಿನ ಹಾಗೆ ನಡೆಯುತ್ತಿದ್ದಳು, ಮರುಕಳಿಸಿದ್ದರೆ ಇನ್ನೊಮ್ಮೆ ತೆಗೆಯಬಹುದಿತ್ತು.

ಹೊಸದು ನಿನ್ನದು. ಕಂದು ಎಳೆಗಳ ನಡುವೆ ಕೀವಿನ ಕಣಗಳು ಕಿಕ್ಕಿರಿದಿದ್ದವು. ಇನ್ನೊಂದನ್ನು ನಾನು ವರದಿಯಲ್ಲಿ ಒಂದೇ ಮಾತಿನಲ್ಲಿ ಬರೆದೆ, ನಿನಗೆ ಬಿಡಿಸಿ ಹೇಳುತ್ತೇನೆ. ಒಂದು ಮೂಲೆಯಲ್ಲಿ ಪುಟ್ಟ ಪುಟ್ಟ ಕಣಗಳಿದ್ದವು. ಬೇರೆ ಬಗೆಯ ಬೆಳಕು ಹಾಯಿಸಿದರೆ ಅವು ಹೊಳೆಯುತ್ತವೆ, ಪ್ರತಿಯೊಂದರ ನಡುವೆ ಕೂಡಿಸುವ ಚಿಹ್ನೆಯಂಥ ಕಪ್ಪು ಗುರುತು. ಗೋಧಿಯ ಪಿಷ್ಟ ಅದು. ಅಪ್ಪನ ಬೇಕರಿಯ ಮೈದಾ ಅತ್ತಿಗೆಯ ಮಂಡಿಯೊಳಗೆ ಇತ್ತು. ಹಗಲಿಡೀ ಕೀವು ನೋಡಿ ಅದೇ ಕೋಣೆಯಲ್ಲಿ ಊಟ ಮಾಡುವವಳು ನಾನು. ಅವತ್ತು ಊಟ ಸೇರಲಿಲ್ಲ.

ಆದರೂ ಸುಳ್ಳು ಹೇಳುವುದಿಲ್ಲ, ಸ್ಲೈಡು ತುಂಬ ಚೆನ್ನಾಗಿ ಬಂದಿದೆ. ಎರಡೂ ಕಾಯಿಲೆ ಒಂದೇ ನೋಟದಲ್ಲಿ ಕಾಣುವಂಥದ್ದು ಸಿಗುವುದಿಲ್ಲ. ವಿದ್ಯಾರ್ಥಿಗಳಿಗೆ ತೋರಿಸಿದೆ, ಅವರು ಸಾಲುಗಟ್ಟಿ ನೋಡಿದರು.

ಈಗ ಮುಂದಿನದು. ನನ್ನ ಗೆಳತಿ ಹೇಳುವ ಪ್ರಕಾರ ಸೋಂಕು ಹೋಗಿದೆ, ಮೆದುಮೂಳೆಯೂ ಹೋಗಿದೆ. ಈಗ ಮೂಳೆಗೆ ಮೂಳೆ ಉಜ್ಜುತ್ತದೆ. ಕೀವಾದ ಜಾಗದಲ್ಲಿ ಕೃತಕ ಕೀಲು ಕೂರಿಸಲು ಅವಳು ಸದ್ಯಕ್ಕೆ ಒಪ್ಪುವುದಿಲ್ಲ. ಉಳಿದದ್ದು ಎರಡು ದಾರಿ. ಹೀಗೇ ಬಿಟ್ಟರೆ ಮಂಡಿ ಸ್ವಲ್ಪ ಮಡಚುತ್ತದೆ, ಆದರೆ ಹೆಜ್ಜೆ ಹೆಜ್ಜೆಗೂ ನೋವು. ಎರಡು ಮೂಳೆಯನ್ನು ಬೆಸೆದುಬಿಟ್ಟರೆ ಕಾಲು ಎಂದೆಂದಿಗೂ ನೆಟ್ಟಗೆ ನಿಲ್ಲುತ್ತದೆ, ಮಡಚುವುದಿಲ್ಲ, ನೋಯುವುದಿಲ್ಲ. ಬೆಸೆಯುವುದೇ ಸರಿ. ನೀನು ಒಪ್ಪಿಗೆ ಕೊಡು.

ಇಂತಿ
ನಿನ್ನ ತಂಗಿ

&nbsp;

ಮಾರ್ಚ್ ೨೮

ಛೀಛೀಗೆ,

ಒಪ್ಪಿಗೆ ಇಲ್ಲ.

ಕೋಲಿನ ಹಾಗೆ ನೆಟ್ಟಗಿರುವ ಕಾಲು ಇಟ್ಟುಕೊಂಡು ಅವಳು ಏನು ಮಾಡಬೇಕು? ನಮ್ಮ ಒಲೆಯ ಬಾಯಿ ಎಲ್ಲಿದೆ ಅಂತ ನಿನಗೆ ಗೊತ್ತಿಲ್ಲವೆ? ಸೊಂಟಕ್ಕಿಂತ ಕೆಳಗೆ. ಕುಕ್ಕರಿಸದೆ ಒಂದು ತಟ್ಟೆ ಒಳಗೆ ಹೋಗುವುದಿಲ್ಲ. ಬಸ್ಸಿನಲ್ಲಿ ಕೂತರೆ ಕಾಲು ಎದುರಿನವರ ಹೊಟ್ಟೆಗೆ ಚುಚ್ಚುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ತಿರುತಿರುಗಿ ನೋಡುತ್ತಾರೆ. ಈಗಲೇ ಅಂಗಡಿಗೆ ಬಂದವರು ಒಳಗೆ ಇಣುಕಿ 'ಮಂಡಿ ಹೇಗಿದೆ' ಅಂತ ಕೇಳುತ್ತಾರೆ, ಕೆಲವರಿಗೆ ಗಾಯ ನೋಡಬೇಕು. ಥೂ, ಎಂಥ ಜನ. ನೋವು ಎಲ್ಲರಿಗೂ ಇರುತ್ತದೆ, ಅಭ್ಯಾಸವಾಗುತ್ತದೆ. ಮಡಚುವ ಕಾಲೇ ಇರಲಿ. ಇವಳಿಗೂ ಅದೇ ಇಷ್ಟ.

ನಿನ್ನ ವಿದ್ಯಾರ್ಥಿಗಳು ಸಾಲುಗಟ್ಟಿದ್ದು ಓದಿ ನನಗೆ ಪುನಃ ಹಿತ್ತಲಿಗೆ ಹೋಗುವಂತಾಯಿತು. ನಿನ್ನ ಅತ್ತಿಗೆಯ ಒಳಗಿನದನ್ನು ಊರ ಮಕ್ಕಳಿಗೆ ತೋರಿಸಲು ನಿನಗೆ ಹೇಸಿಗೆಯಾಗಲಿಲ್ಲವೆ? ಆಸ್ಪತ್ರೆಯ ಪಡಸಾಲೆಯಲ್ಲಿ ಬಟ್ಟೆ ಎತ್ತಿಸಿದವನಿಗೂ ನಿನಗೂ ಏನು ವ್ಯತ್ಯಾಸ?

ಇಂತಿ
ಅಣ್ಣ

&nbsp;

ಏಪ್ರಿಲ್ ೬

ನಾದಿನಿಗೆ, ನಿನ್ನ ಅತ್ತಿಗೆ ಬರೆಯುವ ಕಾಗದ.

ನನ್ನ ಕೈಬರಹ ನೀನು ನೋಡಿರಲಿಕ್ಕಿಲ್ಲ, ಅದಕ್ಕೇ ಯಾರು ಅಂತ ಮೊದಲೇ ಹೇಳಿದೆ.

ನಿಮ್ಮಣ್ಣ ನಿನ್ನ ಪತ್ರಗಳನ್ನು ಜೋರಾಗಿ ಓದುತ್ತಾರೆ. ಬರೆಯುವಾಗಲೂ ಜೋರಾಗಿ ಹೇಳಿಕೊಂಡೇ ಬರೆಯುತ್ತಾರೆ. ನಾನು ಅದೇ ಕೋಣೆಯ ಮಂಚದ ಮೇಲೆ ಇರುತ್ತೇನೆ. ಹಾಗಾಗಿ ನನಗೆ ಎಲ್ಲವೂ ಗೊತ್ತು. ಪೊರೆ ಎಷ್ಟು ತೆಳು, ಲೋಳೆ ಎಷ್ಟು ಚಮಚ, ಗಡ್ಡ, ತುಕ್ಕು, ಮೈದಾ, ಎಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅಣ್ಣ ತಂಗಿಯ ಜಗಳದಲ್ಲಿ ನನ್ನ ಮಂಡಿ ಬಡವಾಯಿತು.

ಅವರು ಬರೆಯದೆ ಬಿಟ್ಟದ್ದು ಒಂದಿದೆ. ಮುಳ್ಳು ಕಾಯಿಸಿಕೊಂಡು ಬಂದಾಗ ನಾನು ಬೇಡ ಅಂದೆ. 'ಸುಮ್ನಿರು, ಡಾಕ್ಟ್ರೇ ಬರ್ದಿದ್ದಾಳೆ' ಅಂದರು. ಇನ್ನೊಂದು ಸಲ ಬೇಡ ಅಂದೆ. ಆಮೇಲೆ ಹಲ್ಲು ಕಚ್ಚಿಕೊಂಡೆ. ಅವರ ಪತ್ರದಲ್ಲಿ ಹಲ್ಲು ಮಾತ್ರ ಬಂತು. ಅತ್ತಿಗೆ ಒಪ್ಪಿದಳೆ ಅಂತ ನೀನೂ ತಿರುಗಿ ಕೇಳಲಿಲ್ಲ. ಬಟ್ಟೆ ಒಗೆದದ್ದು ಯಾವಾಗ ಅಂತ ಕೇಳಿದೆ.

ನಿಮ್ಮಿಬ್ಬರಿಗೂ ಹೇಸಿಗೆ ಬಹಳ. ಒಬ್ಬರು ವಾಂತಿ ಮಾಡುತ್ತೀರಿ, ಒಬ್ಬರು ಊಟ ಬಿಡುತ್ತೀರಿ. ಮಲಗಿದಲ್ಲಿಂದ ಕೇಳಿಸಿಕೊಂಡು ನನಗೆ ನಗು ಬರುತ್ತಿತ್ತು. ಕೀವು ನನಗೆ ಅಷ್ಟೇನೂ ಅಸಹ್ಯವಾಗಲಿಲ್ಲ, ನನ್ನ ಮೈಯದೇ ಅಲ್ಲವೆ. ನನಗೆ ಅಸಹ್ಯ ಅಂದರೆ ಹೆಬ್ಬೆರಳು. ನಿಮ್ಮಣ್ಣ ಒತ್ತಿದರು. ಆ ಹುಡುಗ ಡಾಕ್ಟರು ಒತ್ತಿದ. ಅಂಗಡಿಗೆ ಬಂದವರಲ್ಲೂ ಇಬ್ಬರು 'ನೋಡೋಣ' ಅಂತ ಒತ್ತಿದರು. ನೀನು ಅಷ್ಟು ದೂರದಲ್ಲಿ ಕೂತು ಮುಟ್ಟದೆಯೇ ಒತ್ತಿದೆ. ಸ್ಲೈಡು ಚೆನ್ನಾಗಿ ಬಂದಿದೆ ಅಂತ ನಿಮ್ಮಣ್ಣ ಓದಿದಾಗ ನಾನು ಗೋಡೆಯ ಕಡೆಗೆ ತಿರುಗಿದೆ. ನಾನು ಮದುವೆಯಾಗಿ ಬಂದಾಗ ನೀನು ಇನ್ನೂ ಸ್ಕೂಲಿಗೆ ಹೋಗುತ್ತಿದ್ದೆ, ಜ್ವರ ಬಂದರೆ ನನ್ನ ಪಕ್ಕದಲ್ಲೇ ಮಲಗುತ್ತಿದ್ದೆ. ಅದನ್ನು ನೆನೆಸಿಕೊಂಡು ಅಳುವೂ ಬಂತು. ಬೈಯುವುದಕ್ಕೆ ಬರೆಯುತ್ತಿಲ್ಲ. ಆದರೆ ನೋವಾಗಿದೆ, ಅದನ್ನು ಹೇಳದಿದ್ದರೆ ನಿನಗೆ ಗೊತ್ತಾಗುವುದಿಲ್ಲ.

ಮೊನ್ನೆ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿದ್ದೆ. ನಿಮ್ಮಣ್ಣ ಗೇಟಿನ ಹತ್ತಿರವೇ ನಿಲ್ಲುತ್ತಾರೆ, ವಾಸನೆ ಆಗುವುದಿಲ್ಲವಲ್ಲ. ನಿನ್ನ ಗೆಳತಿ ನನ್ನನ್ನು ಒಳಗೆ ಕೂರಿಸಿಕೊಂಡು, ಬಾಗಿಲು ಹಾಕಿ, ಎರಡೂ ದಾರಿಯನ್ನು ಕೈಯಲ್ಲಿ ಮಾಡಿ ತೋರಿಸಿದಳು. ಆಮೇಲೆ 'ನಿಮಗೆ ಯಾವುದು ಬೇಕು' ಅಂದಳು. ಅವಳು ಅವಸರ ಮಾಡಲಿಲ್ಲ, ಪೆನ್ನು ಕೆಳಗಿಟ್ಟು ಕಾದಳು. ಈ ಮಂಡಿ ಊದಿದಾಗಿನಿಂದ ಆ ಪ್ರಶ್ನೆ ಕೇಳಿದವರು ಅವಳೊಬ್ಬಳೇ.

ಬೆಸೆದುಬಿಡಿ ಅಂದೆ. ನೀನು ಹೇಳಿದ್ದಕ್ಕಲ್ಲ. ಮಡಚುವ ಕಾಲು ಇದ್ದರೆ ನನ್ನನ್ನು ಮತ್ತೆ ಆ ಒಲೆಯ ಬಾಯಿಗೆ ಕುಕ್ಕರಿಸುತ್ತಾರೆ, ನೋಯುತ್ತದೆ ಅಂದರೆ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ನೆಟ್ಟಗಿನ ಕಾಲನ್ನು ಯಾರೂ ಕುಕ್ಕರಿಸಲಾರರು. ನಾನು ನಿಂತುಕೊಂಡು ಮಾಡುವ ಕೆಲಸ ಆ ಅಂಗಡಿಯಲ್ಲಿ ಬೇಕಾದಷ್ಟಿದೆ. ಬಸ್ಸಿನವರ ಹೊಟ್ಟೆಯ ಯೋಚನೆ ಬಸ್ಸಿನವರಿಗಿರಲಿ.

ಬರುವ ಬುಧವಾರ ಭರ್ತಿಯಾಗಬೇಕು, ಗುರುವಾರ ಆಪರೇಷನ್. ಸಹಿ ನಾನೇ ಹಾಕಿದ್ದೇನೆ. ಪಕ್ಕದ ಮನೆಯ ಟೈಲರ್ ಅಕ್ಕ ಜೊತೆಗೆ ಬರುತ್ತಾರೆ.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಈ ಕಾಗದ ತಲುಪಿದ ಮೇಲೆ ನೀನೂ ಹೇಳಬೇಡ. ದಿನಾ ಬೆಳಿಗ್ಗೆ ಕಾಫಿ ತಂದುಕೊಡುತ್ತಾರೆ, ಮಂಚದ ಪಕ್ಕದಲ್ಲಿ ಕೂರುತ್ತಾರೆ, ಮಂಡಿಯನ್ನೇ ನೋಡುತ್ತಾರೆ. ಬುಧವಾರದೊಳಗೆ ಒಂದು ಸಲ ಮುಖ ನೋಡಿ, ನಿನಗೇನು ಬೇಕು ಅಂತ ಕೇಳಿದರೆ ಹೇಳುತ್ತೇನೆ.

ಇಂತಿ
ನಿನ್ನ ಅತ್ತಿಗೆ